ಸಾಲ್ಮೆ ಹಡಗಿಗೆ ಹೋದ ಬಟಾಣಿ ಸಾರು

ನೋರ್‌ಕ್ಲಿಟ್ಟಿನ ಸಹಕಾರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೆಲ್ಲ ನಾನು ಒಬ್ಬ ಹೆಂಗಸನ್ನು ಮುಳುಗಿಹೋದ ಹಡಗಿನ ಹೆಸರಿನಿಂದ ಕರೆದೆ. ತಪ್ಪು ನನ್ನ ಓದಿನದು. ಒಳನಾಡಿನ ಪೇಟೆಯಲ್ಲಿ ಬೆಳೆದವನಾದ್ದರಿಂದ, ಬಾಗಿಲ ಮೇಲೆ ಹೆಸರಿದ್ದರೆ ಅದು ಮನೆಯವರದೇ ಎಂದು ನಂಬಿದ್ದೆ. ಆ ಮನೆಯ ತಲೆಬಾಗಿಲ ಮೇಲೆ ಚಿನ್ನದ ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಔರೋರಾ’ ಎಂದಿತ್ತು. ಸಕ್ಕರೆ, ಕಾಫಿ, ಸೀಮೆಎಣ್ಣೆ ಹೊತ್ತುಕೊಂಡು ಹೋಗಿ, ಟೋಪಿ ತೆಗೆದು, “ನಮಸ್ಕಾರ, ಔರೋರಾ ಅಮ್ಮನವರೇ” ಎನ್ನುತ್ತಿದ್ದೆ. ಹಿತ್ತಲಿನ ಹಂದಿಗೂಡಿನ ಮೇಲೆ ‘ರಾಜಕುಮಾರಿ ಲೂಯಿಸ್’ ಎಂದಿತ್ತು. ಈ ದಂಡೆಯ ಜನ ಹಂದಿಯನ್ನು ಎಂಥ ಮರ್ಯಾದೆಯಿಂದ ಸಾಕುತ್ತಾರೆಂದು ನನ್ನ ತಾಯಿಗೆ ಬರೆದು ತಿಳಿಸಿದ್ದೂ ಆಯಿತು.

ಶನಿವಾರ ಆಕೆ ಸೊಂಟಕ್ಕೆ ಕೈಕೊಟ್ಟು ನಿಂತಳು.

“ನೋಡು ಮಗಾ, ಔರೋರಾ ಮುಳುಗಿ ಬಹಳ ವರ್ಷ ಆಯ್ತು. ನಾನಿನ್ನೂ ತೇಲ್ತಾ ಇದೀನಿ. ನನ್ನ ಹೆಸರು ಸಿಡ್ಸೆಲ್.”

“ಅಯ್ಯೋ, ಮತ್ತೆ ವಾರವೆಲ್ಲಾ ಸುಮ್ಮನಿದ್ರಲ್ಲ?”

“ಕೇಳೋಕೆ ಚೆನ್ನಾಗಿತ್ತು. ನನ್ನ ಗಂಡ ನನ್ನನ್ನ ‘ಏಯ್’ ಅಂತಾನೆ.”

ಯೂಟ್ಲಂಡಿನ ಈ ಪಡುವಣ ದಂಡೆಯಲ್ಲಿ ಮರ ಬೆಳೆಯುವುದಿಲ್ಲ. ಗಾಳಿ ಬೆಳೆಯಗೊಡುವುದಿಲ್ಲ. ತೊಲೆ ಬೇಕೆಂದರೂ ಸಮುದ್ರವೇ ಕೊಡಬೇಕು, ತೊಟ್ಟಿಲು ಬೇಕೆಂದರೂ ಸಮುದ್ರವೇ ಕೊಡಬೇಕು. ಹೀಗಾಗಿ ಊರಿನ ಒಂದೊಂದು ಬಾಗಿಲೂ, ಅದರ ಮೇಲಿನ ಹೆಸರೂ, ಒಂದೊಂದು ಹಡಗಿನ ತಿಥಿಯಿಂದ ಬಂದದ್ದು. ಆದರೆ ಮಹಾಯುದ್ಧ ಮುಗಿದ ಮೇಲೆ ಹಡಗುಗಳಿಗೆ ರೇಡಿಯೋ ಬಂತು, ದಿಬ್ಬದ ಮೇಲೆ ಹೊಸ ದೀಪಸ್ತಂಭ ಬಂತು, ಊರಿಗೆ ಕಷ್ಟ ಬಂತು. “ಈಗಿನ ಕ್ಯಾಪ್ಟನ್ನುಗಳಿಗೆ ಎದೆಗಾರಿಕೆಯೇ ಇಲ್ಲ. ಎಷ್ಟು ದೂರದಿಂದ ಹೋಗ್ತಾರೆ ನೋಡು!” ಎಂದು ಹಿರಿಯರು ಅಂಗಡಿಯ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದರು.

ದೈವಭಕ್ತಿಗೆ ಮಾತ್ರ ಕೊರತೆಯಿರಲಿಲ್ಲ. ಹಡಗು ಒಡೆಯಲಿ ಎಂದು ದೇವರನ್ನು ಬೇಡುವುದು ಪಾಪವೆಂದು ಎಲ್ಲರಿಗೂ ಗೊತ್ತಿತ್ತು. ‘ನಮಗೆ ಬೇಕಾದ ಮರ ಒದಗಲಿ’ ಎಂದು ಬೇಡಿದರೆ ಪಾಪವಿಲ್ಲ. ಮರ ಎಲ್ಲಿಂದ ಬರಬೇಕೆಂಬ ವಿಷಯದಲ್ಲಿ ಅವರು ದೇವರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದರು.

ಸಿಡ್ಸೆಲಮ್ಮನ ಗಂಡ ಲೌಸ್ಟ್ ಸರ್ಕಾರ ನೇಮಿಸಿದ ದಂಡೆ ಪಟೇಲ. ದಡಕ್ಕೆ ಬಿದ್ದ ಹಡಗು, ಸರಕು, ಹೆಣ, ಎಲ್ಲದರ ಕಾವಲೂ ಅವನದೇ. ಅದಕ್ಕೆಂದು ಹಿತ್ತಾಳೆ ಬಿಲ್ಲೆಯ ಒಂದು ಟೋಪಿ ಕೊಟ್ಟಿದ್ದರು. ಹಡಗಿನ ಮೇಲೆ ಅದರ ಮನುಷ್ಯ ಒಬ್ಬನೇ ಒಬ್ಬ ಇರುವವರೆಗೂ ಅದು ಒಡೆಯನ ಸೊತ್ತು. ಕೊನೆಯವನು ಇಳಿದು ಬಂದನೋ, ಹಡಗು ಪಟೇಲನ ಸುಪರ್ದಿಗೆ ಬರುತ್ತದೆ, ಒಡೆದರೆ ಹರಾಜಾಗುತ್ತದೆ. ಹರಾಜಿನಲ್ಲಿ ಕೂಗುವವರು ನಾವೇ. ನೆರೆಯವನ ಕೂಗಿನ ಮೇಲೆ ಕೂಗು ಹಾಕುವ ಕೆಟ್ಟ ಚಾಳಿ ನಮ್ಮೂರಿನಲ್ಲಿಲ್ಲ.

ಪಟೇಲನ ಹೆಂಡತಿಗೆ ಟೋಪಿಯಿಲ್ಲ, ಕೆಲಸವಿದೆ. ಸಮುದ್ರದಿಂದ ಎಳೆದು ತಂದವರನ್ನೆಲ್ಲ ಮೊದಲು ಅವಳ ಅಡುಗೆಮನೆಗೆ ತರಬೇಕು. ಒದ್ದೆ ಮನುಷ್ಯನಿಗೆ ಮೊದಲು ಸಾರು, ಆಮೇಲೆ ಹೆಸರು ಕೇಳುವುದು. ಇದು ಅವಳ ಅತ್ತೆಯ ಕಾಲದಿಂದ ಬಂದ ಕಟ್ಟು. ಹಳದಿ ಬಟಾಣಿ ಬೇಯಿಸಿ, ಉಪ್ಪು ಹಂದಿಮಾಂಸ ಹಾಕಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ಮಾಡುತ್ತಿದ್ದ ಆ ಸಾರಿಗೆ ದಂಡೆಯುದ್ದಕ್ಕೂ ಹೆಸರಿತ್ತು. ‘ತಿನ್ನು’ ಎಂಬ ಒಂದು ಮಾತನ್ನು ಅವಳು ರಷ್ಯನ್ನರ, ಫಿನ್ನರ, ಇಂಗ್ಲಿಷರ, ಗ್ರೀಕರ ಭಾಷೆಗಳಲ್ಲೆಲ್ಲ ಕಲಿತಿದ್ದಳು. ಬೇರೊಂದು ಮಾತು ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಹಲಗೆಯ ನೆಲ. ಅಡುಗೆಮನೆಯದು ಮಣ್ಣಿನ ನೆಲ. ಚಳಿಗಾಲದಲ್ಲಿ ಅದು ಬೆವರುತ್ತಿತ್ತು, ಅವಳ ಮಂಡಿಗಳು ನೋಯುತ್ತಿದ್ದವು. ಮುಂದೆ ಮರ ಹೊತ್ತ ಹಡಗು ಬಿದ್ದೊಡನೆ ನೆಲ ಹಾಕಿಸುತ್ತೇನೆಂದು ಲೌಸ್ಟ್ ಮದುವೆಯಲ್ಲೇ ಮಾತು ಕೊಟ್ಟಿದ್ದ. ಆಮೇಲೆ ಬಂದ ಹಡಗುಗಳೋ, ಒಂದರಲ್ಲಿ ಕಲ್ಲಿದ್ದಲು, ಇನ್ನೊಂದರಲ್ಲಿ ಕಿತ್ತಳೆ, ಮತ್ತೊಂದರಲ್ಲಿ ಸಿಮೆಂಟು. ಆ ಸಿಮೆಂಟು ಸಮುದ್ರದಲ್ಲೇ ಗಟ್ಟಿಯಾಗಿ, ಊರಿಗೆ ಮೂಟೆಯಾಕಾರದ ಬಂಡೆಗಳು ದೊರೆತವು.

ಇಂಥ ಹೊತ್ತಿನಲ್ಲಿ, ಅಕ್ಟೋಬರಿನ ಒಂದು ಮಂಜಿನ ಬೆಳಗ್ಗೆ, ಎಸ್ತೋನಿಯದ ‘ಸಾಲ್ಮೆ’ ಎಂಬ ಮುದಿ ಉಗಿಹಡಗು ನಮ್ಮ ಮರಳದಿಣ್ಣೆಗೆ ಮೂಗು ತುರುಕಿ ನಿಂತಿತು. ತುಂಬಿದ್ದದ್ದೆಲ್ಲ ಪೈನ್ ಹಲಗೆ. ಒಡಲಿನಲ್ಲೂ ಹಲಗೆ, ಡೆಕ್ಕೆಂಬ ಅಟ್ಟದ ಮೇಲೂ ಆಳೆತ್ತರಕ್ಕೆ ಹಲಗೆ. ಮಂಜು ಸರಿದು ಅದು ಕಣ್ಣಿಗೆ ಬಿದ್ದಾಗ ದಂಡೆಯಲ್ಲಿ ನಿಂತ ಜನ ಟೋಪಿ ತೆಗೆದರು. ನಾವಿಕರ ಮೇಲಿನ ಕನಿಕರದಿಂದ ಎಂದು ನಾನು ಅಂದುಕೊಂಡೆ.

ಹಡಗು ಸಿಕ್ಕಿಕೊಂಡೊಡನೆ ಅದರ ಕ್ಯಾಪ್ಟನ್ ಮಾಡಿದ ಮೊದಲ ಕೆಲಸವೆಂದರೆ, ದೋಣಿಯಲ್ಲಿ ದೊಡ್ಡ ಲಂಗರನ್ನು ಹಿಂದಕ್ಕೆ ಒಯ್ಯಿಸಿ, ಆಳ ನೀರಿನಲ್ಲಿ ಹಾಕಿಸಿದ್ದು, ಮುಂದೆ ಅದರ ಹಗ್ಗ ಜಗ್ಗಿ ಹಡಗನ್ನು ಮರಳಿನಿಂದ ಬಿಡಿಸಿಕೊಳ್ಳಲೆಂದು. ಮಧ್ಯಾಹ್ನ ಅಲೆಗಳೆದ್ದು ಅದೇ ದೋಣಿಯನ್ನು ಪುಡಿ ಮಾಡಿದವು. ಹಡಗಿನ ಅಡುಗೆ ಕೋಣೆ, ಉಗ್ರಾಣ ಎರಡೂ ನೀರುಪಾಲಾದವು. ಆಗ ನಮ್ಮ ರಕ್ಷಣಾ ದಳ ಹೊರಟಿತು. ಅದರಲ್ಲಿ ನನಗೂ ಒಂದು ಹುದ್ದೆಯಿತ್ತು, ಹಗ್ಗದ ಕೊನೆಯವನು. ಕೊನೆಯವನು ಎಳೆಯುತ್ತಿದ್ದಾನೋ, ಸುಮ್ಮನೆ ಹಿಡಿದುಕೊಂಡಿದ್ದಾನೋ ಯಾರಿಗೂ ತಿಳಿಯುವುದಿಲ್ಲ. ಆ ಹುದ್ದೆಗೆ ನನಗಿಂತ ತಕ್ಕವನು ಸಿಗುತ್ತಿರಲಿಲ್ಲ.

ದಳದ ಮುಖಂಡ ತೊಯೆರ್. ಇವನ ಮೀಸೆಗೆ ಎರಡು ಪದಕ ಬಂದಿದ್ದವು ಎಂದು ಊರವರು ಹೇಳುತ್ತಿದ್ದರು, ಯಾಕೆಂದರೆ ಉಳಿದದ್ದನ್ನೆಲ್ಲ ನಾವೇ ಮಾಡುತ್ತಿದ್ದೆವು. ಅವನು ರಾಕೆಟ್ಟಿನಿಂದ ಹಡಗಿನ ಮೇಲೆ ಹುರಿ ಹಾರಿಸಿದ. ಹುರಿಯ ಹಿಂದೆ ಹಗ್ಗ ಹೋಯಿತು. ಹಗ್ಗದ ಮೇಲೆ ‘ಚಡ್ಡಿ’ ಹೋಯಿತು. ತೇಲುಬಳೆಗೆ ಕ್ಯಾನ್ವಾಸಿನ ಚಡ್ಡಿ ಹೊಲಿದು ರಾಟೆಗೆ ನೇತುಹಾಕಿದ್ದು ಅದು. ಮನುಷ್ಯ ಅದರಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ದಂಡೆಯವರು ಎಳೆದುಕೊಳ್ಳಬೇಕು. ಎಳೆಯುವ ಹಗ್ಗ ಹಡಗಿನ ರಾಟೆಯನ್ನು ಸುತ್ತಿ ಬರುವುದರಿಂದ, ಆಚೆಗೆ ಕಳಿಸುವುದೂ ದಂಡೆಯಿಂದಲೇ. ಏಳು ಮಂದಿ ನಾವಿಕರು ಒಬ್ಬೊಬ್ಬರಾಗಿ ನೀರು ಸುರಿಸುತ್ತ ಬಂದರು. ಎಂಟನೆಯವನು, ಕ್ಯಾಪ್ಟನ್ ಪ್ರೀಡಿಕ್, ಬರಲಿಲ್ಲ. ಖಾಲಿ ಚಡ್ಡಿ ಮೂರು ಸಲ ಹೋಯಿತು, ಮೂರು ಸಲವೂ ಖಾಲಿಯಾಗೇ ಬಂತು.

ಮರುದಿನ ಗಾಳಿ ಮೂಡಣಕ್ಕೆ ತಿರುಗಿತು. ಮೂಡಣ ಗಾಳಿ ನಮ್ಮಲ್ಲಿ ನೀರನ್ನು ದಂಡೆಯಿಂದ ಆಚೆಗೆ ದೂಡುತ್ತದೆ. ಕಡಲು ಇಳಿಯಿತು, ಹಡಗು ಮರಳಿನಲ್ಲಿ ಇನ್ನಷ್ಟು ಭದ್ರವಾಗಿ ಕೂತಿತು. ಇನ್ನು ಎಂದಾದರೊಂದು ದಿನ ಪಡುವಣ ಗಾಳಿ ಎದ್ದೇ ಏಳಬೇಕು. ಅದು ಹಡಗನ್ನು ಒಡೆಯಲೂಬಲ್ಲದು, ನೀರನ್ನೇರಿಸಿ ತೇಲಿಸಲೂಬಲ್ಲದು. ಉಗಿ ಎಬ್ಬಿಸಿ, ಲಂಗರಿನ ಹಗ್ಗವನ್ನು ಜಗ್ಗುವ ಜನ ಒಳಗಿದ್ದರೆ ತೇಲುತ್ತದೆ. ಇಲ್ಲದಿದ್ದರೆ ಒಡೆಯುತ್ತದೆ. ಊರೂ ಪಡುವಣ ಗಾಳಿಗೇ ಕಾಯುತ್ತಿತ್ತು, ಕ್ಯಾಪ್ಟನ್ನನೂ ಪಡುವಣ ಗಾಳಿಗೇ ಕಾಯುತ್ತಿದ್ದ. ದೇವರಿಗೆ ಎರಡೂ ಕಡೆಯಿಂದ ಒಂದೇ ಅರ್ಜಿ.

ಊರಿಗೆ ಬಹಳ ದಿನದಿಂದ ಒಂದು ಪ್ರಾರ್ಥನಾ ಮನೆಯ ಆಸೆಯಿತ್ತು. ಅದರ ಕಟ್ಟಡ ಸಮಿತಿಯ ಅಧ್ಯಕ್ಷ ಯಾರು? ಅದೇ ಲೌಸ್ಟ್. ಪಟೇಲನಾಗಿ ಅವನು ಸಾಲ್ಮೆಯನ್ನು ಕಾಯಬೇಕು, ಅಧ್ಯಕ್ಷನಾಗಿ ಅದರ ಹಲಗೆಗೆ ಕಾಯಬೇಕು. ಸಮಿತಿಯವರು ಅಟ್ಟದ ಮೇಲಿನ ಹಲಗೆಯನ್ನು ದಂಡೆಯಿಂದಲೇ ಕಣ್ಣಳತೆ ಹಾಕಿದರು, ಒಡಲಿನದನ್ನು ಊಹಿಸಿದರು. ಅಷ್ಟು ಮರಕ್ಕೆ ತಕ್ಕ ಹಾಗೆ ಗುರುವಾರವೇ ದಿಬ್ಬದ ಪಕ್ಕ ತಳಪಾಯ ತೋಡಲು ಶುರುಮಾಡಿದರು. ಬೇರೆ ಊರಿನವರು ಮನೆ ಯೋಚಿಸಿ ಮರ ತರುತ್ತಾರೆ. ನೋರ್‌ಕ್ಲಿಟ್ಟಿನವರು ಹಡಗು ನೋಡಿ ತಳಪಾಯ ತೋಡುತ್ತಾರೆ. ಅಗೆಯಲು ನಾನೂ ಹೋದೆ. ಅಂಗಡಿಯವನು ಊರವರೊಂದಿಗೆ ಇರಬೇಕಲ್ಲ.

ಏಳು ನಾವಿಕರು ಸಿಡ್ಸೆಲಮ್ಮನ ಅಡುಗೆಮನೆಯಲ್ಲಿ ಕೂತು ಕಿಟಕಿಯಿಂದ ತಮ್ಮ ಹಡಗನ್ನು ನೋಡುತ್ತಿದ್ದರು. ಸಮುದ್ರ ಕೊಳದಂತೆ ಮಲಗಿತ್ತು. ಅವರು ದೋಣಿ ಕೇಳಿದರು. ಆದರೆ ಅಂದು ಊರಿನ ಯಾವ ದೋಣಿಗೂ ಆರೋಗ್ಯ ಸರಿಯಿರಲಿಲ್ಲ. ಒಂದಕ್ಕೆ ಟಾರು ಬಳಿಯಬೇಕಿತ್ತು, ಒಂದರ ಹುಟ್ಟು ಸೋದರಮಾವನ ಮನೆಯಲ್ಲಿತ್ತು, ಇನ್ನೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು.

“ಅಕ್ಟೋಬರಲ್ಲಿ ಕಾವಿಗಾ?” ಎಂದಳು ಸಿಡ್ಸೆಲಮ್ಮ.

“ಕೋಳಿ ನಮ್ಮ ಮಾತು ಕೇಳುತ್ತಾ, ಸಿಡ್ಸೆಲ್?” ಎಂದ ತೊಯೆರ್.

ಹಸಿವು ಕ್ಯಾಪ್ಟನ್ನನನ್ನು ಇಳಿಸುತ್ತದೆ ಎಂಬುದು ಸಮಿತಿಯ ಲೆಕ್ಕ. ಲೌಸ್ಟ್‌ಗೆ ಅದಕ್ಕಿಂತ ಚುರುಕಾದ ಉಪಾಯ ಹೊಳೆಯಿತು. ಗಾಳಿ ಮೂಡಣದ್ದು, ನೆಲದಿಂದ ಹಡಗಿನ ಕಡೆಗೆ ಬೀಸುತ್ತಿದೆ. ದಂಡೆಯಲ್ಲೇ ಒಲೆ ಹೂಡಿ ಬಟಾಣಿ ಸಾರು ಮಾಡಿದರೆ ವಾಸನೆ ನೇರವಾಗಿ ಕ್ಯಾಪ್ಟನ್ನನ ಮೂಗಿಗೆ ಹೋಗುತ್ತದೆ.

ಸಿಡ್ಸೆಲಮ್ಮ ದಂಡೆಯಲ್ಲೇ ಒಲೆ ಹೂಡಿದಳು. ಹಂದಿಮಾಂಸದಲ್ಲಿ ಕೈ ಹಿಡಿಯಲಿಲ್ಲ. ದಂಡೆಯಲ್ಲಿ ಸೇರಿದ್ದ ಸಮಿತಿಯವರೇ ಜೊಲ್ಲು ನುಂಗಿಕೊಂಡರು. ಹಡಗಿನ ಮೇಲೆ ಒಂದು ಸಣ್ಣ ಕಪ್ಪು ಆಕಾರ ಬಂದು, ಕಟಕಟೆಗೆ ಒರಗಿ ನಿಂತಿತು.

“ಬಂದ, ಬಂದ! ಚಡ್ಡಿ ಕಳಿಸ್ರೋ!” ಎಂದ ಲೌಸ್ಟ್.

“ತಡಿ,” ಎಂದಳು ಸಿಡ್ಸೆಲಮ್ಮ. ಚಡ್ಡಿಯ ಎರಡು ಕಾಲಿನ ತುದಿಗಳನ್ನೂ ಹುರಿಯಿಂದ ಬಿಗಿದಳು. ಪಾತ್ರೆಯ ಮುಚ್ಚಳವನ್ನು ತನ್ನ ಮೇಲಂಗಿಯ ಬಟ್ಟೆಯಿಂದ ಕಟ್ಟಿ, ಪಾತ್ರೆಯನ್ನು ಒಂದು ಕಾಲಿನೊಳಗೆ ಇಳಿಸಿದಳು. ಇನ್ನೊಂದು ಕಾಲಿಗೆ ರೈ ರೊಟ್ಟಿ. ಏಳು ನಾವಿಕರು ಆಗಲೇ ಹಗ್ಗ ಹಿಡಿದು ನಿಂತಿದ್ದರು.

ತೊಯೆರ್‌ನ ಮೀಸೆ ನಡುಗಿತು. “ಅದು ಸರ್ಕಾರದ ಚಡ್ಡಿ, ಸಿಡ್ಸೆಲ್! ಮನುಷ್ಯರಿಗೆ ಇರೋದು. ಅದರಲ್ಲಿ ಸಾರು ಕೂರಿಸೋ ಹಾಗಿಲ್ಲ!”

“ಯಾಕೆ? ಸಾರಿಗೆ ಕಾಲಿಲ್ಲ ಅಂತಾನಾ?”

“ಏಯ್,” ಎಂದ ಲೌಸ್ಟ್, ಮೆಲುದನಿಯಲ್ಲಿ, “ಏನ್ ಮಾಡ್ತಾ ಇದೀಯ? ಉಂಡರೆ ಅವನು ಬರ್ತಾನಾ?”

“ಒದ್ದೆಯಾದೋನಿಗೆ ಉಣ್ಣಿಸ್ಬೇಕು ಅಂತ ನಿನ್ನ ಅಮ್ಮನೇ ಹೇಳ್ಕೊಟ್ಟಿದ್ದು.”

“ದಡಕ್ಕೆ ಬಂದೋರಿಗೆ! ಅವನು ದಡಕ್ಕೆ ಬಂದೇ ಇಲ್ಲ. ಬರೋ ತನಕ ಅವನ ಹಡಗು ಮುಳುಗಿಲ್ಲ, ಅವನು ನಿನ್ನ ಪಾಲಿಗೆ ಬರಲ್ಲ.”

“ಹೌದಾ? ಹಡಗು ಮುಳುಗಿಲ್ವಾ? ಮತ್ತೆ ತಳಪಾಯ ಯಾಕೆ ತೋಡ್ದೆ?”

ಅಷ್ಟರಲ್ಲಿ ಚಡ್ಡಿ ಸರ್ಕಾರದ ಗಾಂಭೀರ್ಯದಿಂದ ತೊನೆಯುತ್ತ, ಒಂದು ಕಾಲು ಭಾರವಾಗಿ, ಒಂದು ಕಾಲು ಹಗುರವಾಗಿ, ಅಲೆಗಳ ಮೇಲೆ ನಡುದಾರಿ ದಾಟಿತ್ತು. ಮರಳಿ ಬಂದಾಗ ಪಾತ್ರೆ ಖಾಲಿ. ಒಳಗೆ ನೆಕ್ಕಿದಂತಿತ್ತು.

ಅಂದಿನಿಂದ ದಿನವೂ ಸಾರು ಹೋಯಿತು. ಹೊಲಿಗೆ ಕೂಟದ ಹೆಂಗಸರು ಅವಳ ಮನೆಗೆ ಕಾಫಿಗೆ ಬರುವುದನ್ನು ನಿಲ್ಲಿಸಿದರು. ಲೌಸ್ಟ್ ‘ಏಯ್’ ಅನ್ನುವುದನ್ನೂ ನಿಲ್ಲಿಸಿದ. ಸಿಡ್ಸೆಲಮ್ಮ ಅಂಗಡಿಗೆ ಬಂದು ಬಟಾಣಿ ಕೇಳಿದರೆ, ಸಾಲಿನಲ್ಲಿ ನಿಂತವರು ಕಿಟಕಿಯಿಂದ ಆಕಾಶ ನೋಡುತ್ತಿದ್ದರು. ನಾನು ಧೈರ್ಯದಿಂದ ತೂಕ ಹಾಕಿ ಕೊಡುತ್ತಿದ್ದೆ. ಯಾರೂ ಇಲ್ಲದಾಗ ಮಾತ್ರ ನಮಸ್ಕಾರವನ್ನೂ ಹೇಳುತ್ತಿದ್ದೆ.

ವಾರ ಕಳೆಯುತ್ತ ಬಂದಾಗ ಸಮಿತಿಗೆ ಹೊಸ ವಿಚಾರ ಬಂತು. ಕ್ಯಾಪ್ಟನ್ನನಿಗೆ ಜರ್ಮನ್ ಬರುತ್ತದೆಂದು ನಾವಿಕರಿಂದ ತಿಳಿದಿತ್ತು. ಊರಿನಲ್ಲಿ ಶಾಲೆಯಲ್ಲಿ ಜರ್ಮನ್ ಕಲಿತವನು ನಾನೊಬ್ಬನೇ. “ವಿಗ್ಗೊ, ನೀನು ಓದಿದೋನು. ಹೋಗಿ ನಯವಾಗಿ ಮಾತಾಡಿ ಕರ್ಕೊಂಡ್ಬಾ,” ಎಂದರು. ಓದಿದವನು ಎಂದರೆ ನಾನು ಎಲ್ಲಿಗೆ ಬೇಕಾದರೂ ಹೋಗುವ ಜಾತಿ. ಭಾನುವಾರದ ಕೋಟು ತೊಟ್ಟು ಚಡ್ಡಿಯಲ್ಲಿ ಕೂತೆ.

ಅರ್ಧ ದಾರಿಯಲ್ಲಿ ಹಗ್ಗ ಜೋತುಬಿತ್ತು. ಹಿಂದಿನಿಂದ ಎಳೆಯುವವರಲ್ಲಿ ಕೊನೆಯವನು ಸರಿಯಾಗಿ ಎಳೆಯುತ್ತಿರಲಿಲ್ಲವೇನೋ. ಆ ಜಾಗದಲ್ಲಿ ನಾನಿರಲಿಲ್ಲವಲ್ಲ. ಸೊಂಟದವರೆಗೆ ಸಮುದ್ರ ಹೊಕ್ಕಿತು. ಬಟಾಣಿ ಸಾರು ಮುಳುಗದೆ ಹೋದ ದಾರಿಯಲ್ಲಿ ಸಹಕಾರಿ ಅಂಗಡಿಯ ಗುಮಾಸ್ತ ಮುಳುಗಿ ಎದ್ದು ಹೋಗಿ ತಲುಪಿದ.

ಕ್ಯಾಪ್ಟನ್ ಪ್ರೀಡಿಕ್ ಕುಳ್ಳ ಮನುಷ್ಯ. ನನ್ನನ್ನು ಚಡ್ಡಿಯಿಂದ ಬಿಡಿಸಿ, ಹಲಗೆಯ ರಾಶಿಯ ಮೇಲೆ ಕೂರಿಸಿ, ತನ್ನ ಕಂಬಳಿ ಹೊದಿಸಿದ. ಬೆಳಗಿನ ಸಾರು ಸ್ವಲ್ಪ ಉಳಿದಿತ್ತು, ಅದನ್ನು ಕೈಗಿತ್ತ.

“ಮೊದಲು ಉಣ್ಣು. ಆಮೇಲೆ ನೀನ್ಯಾರು ಹೇಳು.”

ಉಂಡು, ಕಲಿತು ಬಂದದ್ದನ್ನು ಒಪ್ಪಿಸಿದೆ. ಊರಿನ ಕಳಕಳಿ, ಬೆಚ್ಚನೆಯ ಹಾಸಿಗೆ, ಮನುಷ್ಯನ ಜೀವಕ್ಕಿಂತ ದೊಡ್ಡದುಂಟೇ ಇತ್ಯಾದಿ. ಅವನು ತಾಳ್ಮೆಯಿಂದ ಕೇಳಿ, ದುರ್ಬೀನು ಎತ್ತಿ ನನಗೆ ಕೊಟ್ಟ.

“ಆ ದಿಬ್ಬದ ಪಕ್ಕ ಏನೋ ತೋಡ್ತಾ ಇದೀರಲ್ಲ, ಅದೇನು? ನನಗೆ ಗೋರಿ ಅಂತ ಅಂದ್ಕೊಂಡೆ. ಆದರೆ ಒಬ್ಬನಿಗೆ ತೀರಾ ದೊಡ್ಡದಾಯ್ತು.”

“ಅದು... ಪ್ರಾರ್ಥನಾ ಮನೆ.”

“ಮರ ಎಲ್ಲಿಂದ ಬರುತ್ತೆ?”

ನಾನು ಅವನ ಮರದ ಮೇಲೆ ಕೂತಿದ್ದೆ. ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ದೇವರು ಕೊಡ್ತಾನೆ,” ಎಂದೆ.

ಅವನು ಕೆಮ್ಮಿದಂತೆ ನಕ್ಕ. “ನೋಡಪ್ಪಾ, ಈ ಹಡಗು ನನ್ನೊಬ್ಬಂದಲ್ಲ. ನಮ್ಮೂರಿಂದು. ಚರ್ಚಿನ ಗಂಟೆ ಹೊಡೆಯೋನದೊಂದು ಪಾಲು, ಶಾಲೆ ಮೇಷ್ಟ್ರದೊಂದು ಪಾಲು, ಗಂಡ ಸತ್ತ ಹೆಂಗಸರದು ಚೂರು ಪಾರು. ವಿಮೆ ಕಟ್ಟಕ್ಕೆ ಆಗಿಲ್ಲ. ನಾನು ಇಳಿದು ಹೋದೆ ಅಂದ್ರೆ, ಅವರ ಒಲೆಗೆ ನೀರು ಹುಯ್ದ ಹಾಗೆ. ನಮ್ಮತ್ತೇದೂ ಒಂದು ಪಾಲಿದೆ. ನಿಮ್ಮ ಸಮುದ್ರ ನಮ್ಮತ್ತೆಗಿಂತ ಮೆತ್ತಗಿದೆ. ನಾನು ಇಲ್ಲೇ ಇರ್ತೀನಿ.”

“ಗಾಳಿ ಬಂದ್ರೆ?”

“ನನ್ನ ಹುಡುಗರಿದ್ರೆ ತೇಲಿಸ್ತೀನಿ. ಇಲ್ಲದಿದ್ರೆ ಮುಳುಗ್ತೀನಿ. ಒಬ್ಬನೇ ಬಾಯ್ಲರಿಗೂ ಕಲ್ಲಿದ್ದಲು ಹಾಕಿ, ಲಂಗರೂ ಜಗ್ಗೋಕಾಗಲ್ಲ.” ಆಮೇಲೆ ಖಾಲಿ ಪಾತ್ರೆಯನ್ನು ಸಮುದ್ರದ ನೀರಿನಲ್ಲಿ ತೊಳೆದು ನನ್ನ ಮಡಿಲಲ್ಲಿಟ್ಟ. “ಆ ತಾಯಿಗೆ ಹೇಳು. ಉಪ್ಪು ಒಂದು ಚಿಟಿಕೆ ಕಮ್ಮಿ ಆದ್ರೂ ನಡೆಯುತ್ತೆ. ಇಲ್ಲಿ ಸುತ್ತ ಅದೇ ಇದೆ.”

ದಡದಲ್ಲಿ ಸಮಿತಿ ಕಾಯುತ್ತಿತ್ತು. “ಯೋಚನೆ ಮಾಡ್ತಾರಂತೆ,” ಎಂದೆ ಅವರಿಗೆ. ಸಿಡ್ಸೆಲಮ್ಮನಿಗೆ ಮಾತ್ರ, ಒಲೆಯ ಮುಂದೆ ಹಲ್ಲು ಕಟಕಟಿಸುತ್ತ, ಪೂರ್ತಿ ಹೇಳಿದೆ. ಅವಳು ಉಪ್ಪಿನ ಮಾತಿಗೆ ಮುಖ ಸಿಂಡರಿಸಿದಳು. ಮಣ್ಣಿನ ನೆಲದ ಮೇಲೆ ಏಳು ಜೊತೆ ಬೂಟುಗಳು ಸಾಲಾಗಿ ಒಣಗುತ್ತಿದ್ದವು. ಅವನ್ನೇ ನೋಡುತ್ತ ನಿಂತಳು.

ಎರಡು ದಿನದ ಮೇಲೆ ಅಂಗಡಿಯ ಗೋಡೆಯ ಮೇಲಿನ ವಾಯುಭಾರಮಾಪಕದ ಮುಳ್ಳು ಧೊಪ್ಪನೆ ಇಳಿಯಿತು. ಊರೇ ಬಂದು ಅದರ ಗಾಜನ್ನು ಬೆರಳಿನಿಂದ ತಟ್ಟಿ, ನಗುವನ್ನು ಬಾಯೊಳಗೇ ಇಟ್ಟುಕೊಂಡು ಹೋಯಿತು. ಮರುದಿನ ಪಡುವಣ ಗಾಳಿ ಖಂಡಿತ.

ಆ ಮಧ್ಯಾಹ್ನ ಸಿಡ್ಸೆಲಮ್ಮ ದಂಡೆಗೆ ಬಂದಳು. ಹಿಂದೆ ಏಳು ನಾವಿಕರು, ಬೂಟು ಹಾಕಿಕೊಂಡು. ನಾನು ಹಗ್ಗದ ಕಾವಲಿಗೆ ಕೂತಿದ್ದೆ. ಹಡಗಿನಲ್ಲಿ ಜೀವವಿರುವವರೆಗೆ ಹಗ್ಗ ಬಿಚ್ಚಬಾರದೆಂಬುದು ನಿಯಮ. ಕಾವಲಿಗೆ ಎಂದಿನಂತೆ ಕೊನೆಯವನು.

“ವಿಗ್ಗೊ, ಚಡ್ಡಿ ಎಳ್ಕೋ. ಇವರು ಮನೆಗೆ ಹೋಗ್ತಾರೆ.”

ಸುದ್ದಿ ನನಗಿಂತ ಬೇಗ ಓಡಿತು. ತೊಯೆರ್ ಹಗ್ಗದ ಮೇಲೆಯೇ ಬಂದು ನಿಂತ. ಹಿಂದೆ ಸಮಿತಿ, ಕೈಯಲ್ಲಿ ಇನ್ನೂ ಗುದ್ದಲಿ.

“ಇವರನ್ನ ನಾನು ಉಳಿಸಿದೀನಿ!” ಎಂದು ಕೂಗಿದ. “ಉಳಿಸಿದ್ದೇನೆ ಅಂತ ಕೋಪನ್‌ಹೇಗನ್‌ಗೆ ತಿಳಿಸಿದ್ದೂ ಆಯ್ತು! ಈಗ ವಾಪಸ್ ಹೋದ್ರೆ ನನ್ನ ಮಾನ ಏನಾಗಬೇಕು?”

“ಹೋಗ್ಲಿ ಬಿಡು, ಇನ್ನೊಂದ್ಸಲ ಉಳಿಸುವೆಯಂತೆ. ಎರಡು ಪದಕ ಸಿಗುತ್ತೆ.”

“ಈ ಹಗ್ಗ ಈಚೆಗೆ ಬರೋಕೆ ಇರೋದು, ಆಚೆಗೆ ಹೋಗೋಕಲ್ಲ!”

“ಆಚೆಗೆ ಹೋಗದೆ ಈಚೆಗೆ ಹೇಗೆ ಬರುತ್ತೆ, ಪೆದ್ದಪ್ಪ?”

ತೊಯೆರ್ ಕದಲಲಿಲ್ಲ. ಎಲ್ಲರೂ ಲೌಸ್ಟ್‌ನ ಕಡೆ ನೋಡಿದರು. ಅವನು ತನ್ನ ಮರದ ಜೋಡಿನ ತುದಿಯನ್ನು ನೋಡುತ್ತಿದ್ದ. ಆಗ ಸಿಡ್ಸೆಲಮ್ಮ ಮೇಲಂಗಿಯ ಕೆಳಗಿನಿಂದ ಹಿತ್ತಾಳೆ ಬಿಲ್ಲೆಯ ಟೋಪಿ ತೆಗೆದಳು. ಗಂಡನ ತಲೆಯ ಮೇಲಿದ್ದ ಉಣ್ಣೆ ಟೋಪಿಯನ್ನು ಕಿತ್ತು, ಇದನ್ನು ಹಾಕಿ, ನೆಟ್ಟಗೆ ಮಾಡಿದಳು. ಬಹುಶಃ ಮದುವೆಯ ದಿನವೂ ಅಷ್ಟು ಜನರ ಎದುರು ಅವನನ್ನು ಮುಟ್ಟಿರಲಿಲ್ಲ.

“ಪಟೇಲರೇ, ಈ ಹಡಗು ಯಾರದು?”

ಲೌಸ್ಟ್ ಗುದ್ದಲಿಗಳ ಕಡೆ ನೋಡಿದ. ಹಡಗಿನ ಕಡೆ ನೋಡಿದ. ಹಣೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು.

“ಕೇಳಿಸ್ಲಿಲ್ಲ.”

“...ಕ್ಯಾಪ್ಟನ್ನಂದು.”

“ಅದರ ಮೇಲೆ ಹೋಗೋ ಹಕ್ಕು ಯಾರಿಗಿದೆ?”

“ಅದರ ಜನಕ್ಕೆ,” ಎಂದ ಲೌಸ್ಟ್. ಆಮೇಲೆ ದನಿ ಏರಿಸಿ, ಸ್ವಂತ ಸಮಿತಿಗೇ, “ಕೇಳಿಸ್ತಲ್ಲ? ತೊಯೆರ್, ಹಗ್ಗದ ಮೇಲಿಂದ ಇಳಿ. ಸರ್ಕಾರದ ಹಗ್ಗ ಅದು,” ಎಂದ.

ಏಳು ಮಂದಿಯೂ ಹೋದರು. ಮೊದಲವರನ್ನು ಉಳಿದ ನಾವಿಕರೇ ಎಳೆದು ದಾಟಿಸಿದರು. ಕೊನೆಯವರಿಬ್ಬರಿಗೆ ದಂಡೆಯ ಕಡೆ ಕೈ ಸಾಲಲಿಲ್ಲ. ಸಿಡ್ಸೆಲಮ್ಮ, ಅವಳ ಹಿಂದೆ ಟೋಪಿ ಹಾಕಿಕೊಂಡ ಲೌಸ್ಟ್, ಅವನ ಹಿಂದೆ ನಾನು. ಅಂದು ನಾನು ನಿಜವಾಗಿ ಎಳೆದೆ. ಅಂಗೈ ಸುಲಿದಾಗ ತಿಳಿಯಿತು, ಇಷ್ಟು ದಿನ ನಾನು ಎಳೆಯುತ್ತಲೇ ಇರಲಿಲ್ಲವೆಂದು.

ಅಂದು ರಾತ್ರಿ ಊರೆಲ್ಲ ಪ್ರಾರ್ಥನೆಗೆ ಕೂತಿತು, ಸಿಡ್ಸೆಲಮ್ಮನೂ ಹೋಗಿ ಕೂತಳು. ಮರುದಿನ ಪಡುವಣ ಗಾಳಿ ಬಂತು. ಬೆಳಗಾಗುತ್ತಲೇ ಊರು ದಿಬ್ಬದ ಮೇಲೆ ಸೇರಿತು. ಯಾರೋ ಸ್ತೋತ್ರ ಎತ್ತಿಕೊಂಡರು. ಅದು ಹಡಗಿಗೋ ಹಲಗೆಗೋ ಹಾಡುವವರೂ ಹೇಳುವಂತಿರಲಿಲ್ಲ. ಸಾಲ್ಮೆಯ ಚಿಮಣಿಯಿಂದ ಹೊಗೆ ಹರಿಯುತ್ತಿತ್ತು. ಅಲೆಯೊಂದು ಬಡಿದಾಗಲೆಲ್ಲ ಹಡಗು ಮುಲುಗುವುದು ನಮಗೆ ಕೇಳುತ್ತಿತ್ತು. ನಾವಿಕರು ಅಟ್ಟದ ಮೇಲಿನ ಹಲಗೆಯನ್ನು ಹಗುರಾಗಲೆಂದು ಸಮುದ್ರಕ್ಕೆ ತಳ್ಳತೊಡಗಿದರು. ಮೊದಲ ಹಲಗೆ ದಡ ಮುಟ್ಟಿದಾಗ ಸ್ತೋತ್ರದ ದನಿ ಏರಿತು. ಆಮೇಲೆ ನೀರು ಇನ್ನೂ ಏರಿತು. ಲಂಗರಿನ ಹಗ್ಗ ಬಿಗಿಯಿತು. ಹಡಗು ಮೊದಲು ಮಗ್ಗುಲು ಬದಲಿಸುವ ಹಸುವಿನಂತೆ ಒಮ್ಮೆ ಹೊರಳಿ, ಹಿಂದಕ್ಕೆ, ಇನ್ನೂ ಹಿಂದಕ್ಕೆ ಜಾರಿ, ತೇಲಿತು. ಸ್ತೋತ್ರ ನಡುವೆಯೇ ನಿಂತುಹೋಯಿತು. ಹಡಗಿನ ಸೀಟಿ ಮೂರು ಸಲ ಕೂಗಿತು.

“ಕೃತಜ್ಞತೆ ಇಲ್ಲದ ಜನ,” ಎಂದ ತೊಯೆರ್.

ದಡಕ್ಕೆ ಬಂದ ಹಲಗೆಯನ್ನು ಲೌಸ್ಟ್ ಟೋಪಿ ಹಾಕಿಕೊಂಡು ಕಾದ, ಕಾನೂನಿನಂತೆ ಹರಾಜು ಹಾಕಿ, ಬಂದ ಹಣವನ್ನು ಎಸ್ತೋನಿಯಕ್ಕೆ ಕಳಿಸಿದ. ಆ ಮರದಲ್ಲಿ ಪ್ರಾರ್ಥನಾ ಮನೆಯೇನೋ ಎದ್ದಿತು, ತಳಪಾಯದ ಒಂದು ಮೂಲೆಯಲ್ಲಿ. ಉಳಿದ ತಳಪಾಯ ಅದರ ಸುತ್ತ ಈಗಲೂ ಚಾಚಿಕೊಂಡಿದೆ, ದೊಡ್ಡಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ. ಬೇಸಿಗೆಯಲ್ಲಿ ಅದರ ಮೇಲೆ ಮೀನು ಒಣಗಿಸುತ್ತಾರೆ. ಪಟೇಲನಾದವನು ಹರಾಜಿನಲ್ಲಿ ತಾನೇ ಕೂಗುವಂತಿಲ್ಲ. ಅವನ ಪರವಾಗಿ ಯಾವಾಗಲೂ ಕೂಗುತ್ತಿದ್ದವನು ತೊಯೆರ್. ಆ ಸಲ ಅವನಿಗೆ ಮರೆತುಹೋಯಿತು. ಸಿಡ್ಸೆಲಮ್ಮನಿಗೆ ಒಂದು ಹಲಗೆಯೂ ಬರಲಿಲ್ಲ.

ಹೊಲಿಗೆ ಕೂಟ ವಸಂತದವರೆಗೂ ಮುನಿಸಿಕೊಂಡಿತ್ತು. ಆಗ ಒಂದು ಸ್ವೀಡಿಷ್ ಹಾಯಿಹಡಗು ದಿಣ್ಣೆಗೆ ಬಿತ್ತು, ಒದ್ದೆ ಮನುಷ್ಯರು ಬಂದರು, “ಸಿಡ್ಸೆಲ್, ಸಾರು!” ಎಂದು ಕೂಟದ ಹೆಂಗಸರೇ ಬಾಗಿಲು ಬಡಿದರು. ಅವಳು ಬಟಾಣಿ ನೆನೆಹಾಕಿಯೇ ಇಟ್ಟಿದ್ದಳು.

ನಾನು ಆ ದಂಡೆ ಬಿಟ್ಟು ಬೇರೆ ಅಂಗಡಿಗೆ ಹೊರಟ ದಿನ ಅವಳ ಮನೆಗೆ ಹೋದೆ. ಅವಳು ಮಂಡಿಯೂರಿ ನೆಲಕ್ಕೆ ಮರಳು ಹರಡುತ್ತಿದ್ದಳು. ಮಣ್ಣು ಬೆವರಿದಾಗ ಹಾಗೆ ಮಾಡುತ್ತಾರೆ. ಪಾದ್ರಿ ಆಗಲೇ ಒಂದು ಭಾನುವಾರ ಅವಳ ಕರುಣೆಯ ಬಗ್ಗೆ ಉಪದೇಶ ಮಾಡಿ ಮುಗಿಸಿದ್ದ. ಸಾಲ್ಮೆಯ ವಿಷಯ ಈಗ ಊರಿಗೇ ಹೆಮ್ಮೆಯ ಕಥೆಯಾಗಿತ್ತು, ತೊಯೆರ್ ಅದರಲ್ಲಿ ಹಗ್ಗ ಎಳೆದಿದ್ದ. ಕೇಳಬಾರದ್ದನ್ನು ಹೊರಡುವ ಹೊತ್ತಿನಲ್ಲೇ ಕೇಳುವುದು ನನ್ನ ಜಾಯಮಾನ.

“ಸಿಡ್ಸೆಲಮ್ಮ, ನಿಜ ಹೇಳಿ. ಗಾಳಿ ಬರೋ ಹಿಂದಿನ ದಿನ ಊರೆಲ್ಲ ಕೂತು ಪ್ರಾರ್ಥನೆ ಮಾಡ್ತಲ್ಲ, ನೀವೂ ಇದ್ರಿ. ಹಡಗು ತೇಲ್ಲಿ ಅಂತ ತಾನೇ ಬೇಡ್ಕೊಂಡಿದ್ದು?”

ಅವಳು ಮರಳಿನ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು.

“ಒಡೀಲಿ ಅಂತ ಬೇಡ್ಕೊಂಡೆ. ನನಗೆ ಹಲಗೆ ಬೇಕಿತ್ತು ಕಣೋ. ಕಾಲೆತ್ತು.”